ಕ್ಯಾನ್ಸರ್ ನೋವಿಗೆ ಧ್ಯಾನದ ಆಸರೆ: ಮಾತ್ರೆ ಬಿಡದೆ ಮಾಡುವುದು ಹೇಗೆ?

‘ವಸಿ ತಡ್ಕೊಳವ್ವ, ಸರಿಹೋಗ್ತದೆ.’ ಮಂಡ್ಯ ಕಡೆಯ ಮನೆಗಳಲ್ಲಿ ಕ್ಯಾನ್ಸರ್ ರೋಗಿಗೆ ಈ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಧ್ಯಾನವನ್ನೂ ಹೀಗೆ ಹಲ್ಲು ಕಚ್ಚಿ ತಡೆದುಕೊಳ್ಳುವ ದಾರಿ ಎಂದುಕೊಂಡರೆ ರೋಗಿಗೆ ಅನ್ಯಾಯ. ವೈದ್ಯರು ಬರೆದ ಮಾರ್ಫಿನ್ ಮಾತ್ರೆಗೆ ಇದು ಬದಲಿಯಲ್ಲ, ಗೆಡ್ಡೆಯನ್ನು ಕರಗಿಸುವುದೂ ಇಲ್ಲ.

ಹಾಗಾದರೆ ಏತಕ್ಕೆ? ನೋವು ಬಂದಾಗ ಮೈ ಬಿಗಿಯುತ್ತದೆ, ‘ಕಾಯಿಲೆ ಮತ್ತೆ ಬಂತೇ, ಮುಂದಿನ ಸ್ಕ್ಯಾನ್‌ನಲ್ಲಿ ಏನಿರುತ್ತೋ’ ಎಂದು ಮನಸ್ಸು ಓಡುತ್ತದೆ, ನಿದ್ದೆ ಹಾರುತ್ತದೆ. ಇದೆಲ್ಲ ಸೇರಿ ನೋವನ್ನು ಹೆಚ್ಚಿಸುತ್ತದೆ. ಈ ಸುತ್ತನ್ನು ಸಡಿಲಿಸುವುದೇ ಮೈಂಡ್‌ಫುಲ್‌ನೆಸ್ ಧ್ಯಾನದ, ಅಂದರೆ ಈ ಕ್ಷಣದ ಅನುಭವವನ್ನು ಸರಿ-ತಪ್ಪು ಎನ್ನದೆ ಗಮನಿಸುವ ಅಭ್ಯಾಸದ ಕೆಲಸ. ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಇದನ್ನು 8 ವಾರಗಳ ತರಬೇತಿಯಾಗಿ ರೂಪಿಸಿದರು. ಕ್ಯಾನ್ಸರ್ ರೋಗಿಗಳ ಆತಂಕ, ಖಿನ್ನತೆಗೆ ಇದನ್ನು 2023ರ ಅಮೆರಿಕದ ತಜ್ಞರ ಮಾರ್ಗಸೂಚಿ ಶಿಫಾರಸು ಮಾಡಿದೆ. ನೇರವಾಗಿ ನೋವಿನ ವಿಷಯದಲ್ಲಿ ಆಧಾರ ಅಷ್ಟು ಗಟ್ಟಿಯಿಲ್ಲ. ಅದನ್ನು ತಿಳಿದೇ ಶುರುಮಾಡುವುದು ಒಳ್ಳೆಯದು.

ಹೊತ್ತು, ಜಾಗ. ನೋವು ಏರಿ ನಿಂತಾಗ ಕಲಿಯಲು ಹೋಗಬೇಡಿ. ಮಾತ್ರೆ ನುಂಗಿ, ಅದು ಹಿಡಿಯುವವರೆಗೆ ಕಾದು, ನಂತರ 5 ನಿಮಿಷ ಸಾಕು. ಪದ್ಮಾಸನ ಬೇಕಿಲ್ಲ, ಮಲಗಿಯೇ ಮಾಡಬಹುದು. ಸ್ತನದ ಶಸ್ತ್ರಚಿಕಿತ್ಸೆಯ ನಂತರ ಕೈ ಊದಿಕೊಂಡಿದ್ದರೆ ಅದರ ಕೆಳಗೆ ದಿಂಬಿಡಿ. ಮೈಸೂರು ಯೋಗದ ಊರು, ಸಲಹೆ ಕೊಡುವವರು ಬೀದಿಗೊಬ್ಬರು ಸಿಗುತ್ತಾರೆ. ಆದರೆ ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟ ಈ ಧ್ಯಾನದ ಭಾಗವಲ್ಲ. ಮೂಳೆಗೆ ಕ್ಯಾನ್ಸರ್ ಹರಡಿದ್ದರೆ, ವೈದ್ಯರನ್ನು ಕೇಳದೆ ಯಾವ ಆಸನವೂ ಬೇಡ.

ಮನಸ್ಸಿಗೊಂದು ನೆಲೆ. ಸಾಮಾನ್ಯವಾಗಿ ಉಸಿರನ್ನು ಗಮನಿಸಲು ಹೇಳುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ಇದ್ದು ಏದುಸಿರು ಬರುತ್ತಿದ್ದರೆ ಉಸಿರಿನ ಕಡೆ ಗಮನ ಕೊಟ್ಟಷ್ಟೂ ಗಾಬರಿ ಹೆಚ್ಚಬಹುದು. ಅಂಥವರು ಕಿವಿಗೆ ಬೀಳುವ ಸದ್ದನ್ನು ಹಿಡಿಯಲಿ: ಅಡುಗೆಮನೆಯ ಕುಕ್ಕರ್, ಬೀದಿಯ ಸೊಪ್ಪಿನವಳ ಕೂಗು, ಏನಾದರೂ ಆದೀತು. ಕೀಮೋದಿಂದ ಪಾದ ಜೋಮು ಹಿಡಿದವರಿಗೆ ‘ಪಾದ ನೆಲಕ್ಕೆ ತಾಗುವುದನ್ನು ಗಮನಿಸಿ’ ಎಂದರೆ ಪ್ರಯೋಜನವಿಲ್ಲ. ಅವರು ಬೆನ್ನು ಹಾಸಿಗೆಗೆ ತಾಗುವುದನ್ನು ಗಮನಿಸಬಹುದು.

ಮನಸ್ಸು ಅಲೆಯುತ್ತದೆ. ಅಲೆದದ್ದು ಗೊತ್ತಾದಾಗ ಬೈದುಕೊಳ್ಳದೆ ವಾಪಸು ಬನ್ನಿ.

ನೋವಿನ ಹತ್ತಿರ. ಇದು ಮುಖ್ಯ ಹೆಜ್ಜೆ, ಅವಸರ ಬೇಡ. ಮೊದಲ ದಿನಗಳಲ್ಲಿ ನೋವಿಲ್ಲದ ಜಾಗಗಳಲ್ಲೇ ಗಮನ ಆಡಿಸಿ. ಅಭ್ಯಾಸವಾದ ಮೇಲೆ ನೋವಿನ ಅಂಚಿಗೆ ಬನ್ನಿ. ಎಲ್ಲಿಂದ ಎಲ್ಲಿವರೆಗೆ ಇದೆ? ಉರಿಯೇ, ಸೆಳೆತವೇ, ಸೂಜಿ ಚುಚ್ಚಿದಂತೆಯೇ? ಒಂದೇ ಸಮನೆ ಇದೆಯೇ, ಏರಿಳಿಯುತ್ತಿದೆಯೇ? ‘ಸಹಿಸಲಾಗುತ್ತಿಲ್ಲ’ ಎನ್ನುವುದು ಯೋಚನೆ, ‘ಪಕ್ಕೆಯಲ್ಲಿ ಉರಿ’ ಎನ್ನುವುದು ಅನುಭವ. ಎರಡನ್ನೂ ಬೇರೆ ಬೇರೆಯಾಗಿ ಕಾಣಿ. ಕೆಲವು ಕ್ಷಣ ಸಾಕು, ಮತ್ತೆ ಸುಖವಾಗಿರುವ ಜಾಗಕ್ಕೆ ಗಮನ ತನ್ನಿ. ಗಾಬರಿ, ಅಳು ಹೆಚ್ಚಾದರೆ ಕಣ್ಣು ತೆರೆದು ನಿಲ್ಲಿಸಿಬಿಡಿ. ಅದು ಸೋಲಲ್ಲ.

ಈ ಗಮನಕ್ಕೆ ಇನ್ನೊಂದು ಉಪಯೋಗವಿದೆ, ನನಗೆ ಇದೇ ದೊಡ್ಡದೆನಿಸುತ್ತದೆ. ‘ನೋವು ಡಾಕ್ಟ್ರೇ’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಹೆಚ್ಚೇನೂ ತಿಳಿಯದು. ‘ಬೆರಳ ತುದಿಯಲ್ಲಿ ಉರಿ, ಕರೆಂಟ್ ಹೊಡೆದ ಹಾಗೆ’ ಎಂದರೆ ಅದು ನರದ ನೋವಿನ ಸುಳಿವು; ಅದಕ್ಕೆ ಬೇರೆ ಬಗೆಯ ಔಷಧಗಳೇ ಇವೆ. 0ಯಿಂದ 10ರೊಳಗೆ ನೋವು ಎಷ್ಟು, ಯಾವ ಹೊತ್ತಿನಲ್ಲಿ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆಸ್ಪತ್ರೆಗೆ ಒಯ್ಯಿರಿ. ಮಂಡ್ಯದಿಂದ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವ ಬಸ್ಸಿನಲ್ಲಿ, ಹೆಸರು ಕೂಗುವವರೆಗೆ ಕಾಯುವ ಬೆಂಚಿನಲ್ಲಿ ಮೂರು ಉಸಿರನ್ನಷ್ಟೇ ಗಮನಿಸುವ ಪುಟ್ಟ ಅಭ್ಯಾಸವೂ ಆಗುತ್ತದೆ.

ಮನೆಯವರು ಪಕ್ಕದಲ್ಲಿ ಸುಮ್ಮನೆ ಕೂತರೂ ಸಾಕು. ‘ಧ್ಯಾನ ಮಾಡ್ತಿದೀಯಲ್ಲ, ಇನ್ನೂ ನೋವಾ?’ ಎಂದು ಮಾತ್ರ ಕೇಳಬೇಡಿ.

ಧ್ಯಾನಕ್ಕೆ ಕೂರಬಾರದ ಹೊತ್ತು. ಹೊಸದಾಗಿ ಬೆನ್ನುನೋವು ಶುರುವಾಗಿ ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿ ಒತ್ತಿಹೋಗಿರುವ ಸಾಧ್ಯತೆ ಇರುತ್ತದೆ. ಕೀಮೋ ನಡೆಯುವಾಗ ಜ್ವರ ಬಂದರೂ ಅಪಾಯವೇ. ಬೆಳಗಾಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೊರಡಿ.