ಅಡಿಕೆ ಅಂಗಳದಲ್ಲಿ ಆಕ್ಸೆಲ್ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ರೋಲರ್ ಫಿಗರ್ ಸ್ಕೇಟಿಂಗ್ (ಚಕ್ರದ ಬೂಟಿನಲ್ಲಿ ಹಾರಿ ಸುತ್ತುವ ಆಟ) ಕಲಿಸುವ ಹುಡುಗನಿಗೆ ಬಂದದ್ದು ಬೆಳ್ಳಿ, ಚಿನ್ನವಲ್ಲ. ಆದರೆ ಡಬಲ್ ಆಕ್ಸೆಲ್ (ಮುಮ್ಮುಖವಾಗಿ ಹಾರಿ ಗಾಳಿಯಲ್ಲಿ ಎರಡೂವರೆ ಸುತ್ತುವ ಜಂಪ್) ಇಲ್ಲದೆ ರಾಜ್ಯ ಮಟ್ಟದಲ್ಲಿ ಮೊದಲ ಐದರೊಳಗೂ ನಿಲ್ಲುವುದಿಲ್ಲ ಎಂದು ಮುಖಕ್ಕೇ ಹೇಳಿದವರು ನಾಲ್ಕು ಮಂದಿ ಇದ್ದರು. ಒಬ್ಬರು ತರಬೇತುದಾರರು, ಒಬ್ಬರು ಬೇರೆ ಹುಡುಗನ ತಂದೆ, ಒಬ್ಬರು ನಮ್ಮ ಹುಡುಗನ ತಂದೆಯೇ. ನಾಲ್ಕನೆಯವರು ನನ್ನ ಭಾವ. ಅಭ್ಯಾಸದ ಅಂಗಳ ಭಾವನದೇ ಆದ್ದರಿಂದ ಅವರೆದುರು ನಾನು ಹೆಚ್ಚು ವಾದಿಸುವ ಹಾಗಿರಲಿಲ್ಲ.

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದೂವರೆ ಕಿಲೋಮೀಟರ್ ಒಳಗೆ ನಡೆದರೆ ನಮ್ಮ ರಿಂಕ್ ಸಿಗುತ್ತದೆ. ರಿಂಕ್ ಎಂದರೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ. ಉದ್ದ 60 ಅಡಿ ಇರಬಹುದು, ಅಗಲ 40. ರೋಲರ್ ಸ್ಕೇಟಿಂಗ್ ಕಲಿಸುವವರಿಗೆ ಇದು ಎಷ್ಟು ಚಿಕ್ಕದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ಲು ಸುರುವಾದ ಮೇಲೆ ಮುಕ್ಕಾಲು ಅಂಗಳ ಅಡಿಕೆಗೆ, ಕಾಲು ಅಂಗಳ ನಮಗೆ. ಸಿಪ್ಪೆಯ ನಾರು ಬೇರಿಂಗ್ ಒಳಗೆ ಹೊಕ್ಕರೆ ತೆಗೆಯಲು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿಡಬೇಕು.

ಅಂಗಳದ ಇನ್ನೊಂದು ಗುಣ ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಮಳೆನೀರು ನಿಲ್ಲದಿರಲೆಂದು ಮೇಸ್ತ್ರಿ ಅದನ್ನು ತೋಡಿನ ಕಡೆಗೆ ತುಸು ಇಳಿಜಾರಾಗಿ ಮಾಡಿದ್ದರು. ಕಣ್ಣಿಗೆ ಕಾಣುವುದಿಲ್ಲ, ಆದರೆ ಚಕ್ರಕ್ಕೆ ಗೊತ್ತಾಗುತ್ತದೆ. ಹುಡುಗ ತನಗರಿವಿಲ್ಲದೆ ಎಲ್ಲ ಜಂಪ್‌ಗಳನ್ನೂ ತೋಡಿನ ಕಡೆಗೇ ಹಾರುತ್ತಿದ್ದ. ಮೊದಲ ಸಲ ಪೇಟೆಯ ಸಮತಟ್ಟಾದ ನೆಲದಲ್ಲಿ ಹಾರಿದಾಗ ವೇಗ ಸಾಲದೆ ಎರಡು ಸುತ್ತು ಒಂದೂಮುಕ್ಕಾಲಿಗೇ ನಿಂತಿತು. ಆಮೇಲೆ ಲಟ್ಜ್ ಎಂಬ, ಹಿಮ್ಮುಖವಾಗಿ ಹಾರುವ ಜಂಪ್‌ನ ಅಭ್ಯಾಸವನ್ನೆಲ್ಲ ಏರಿನ ಕಡೆಗೆ ತಿರುಗಿಸಿದೆ. ಒಂದು ತಿಂಗಳು ಅವನು ನನ್ನ ಮುಖ ನೋಡಿ ಮಾತನಾಡಲಿಲ್ಲ.

ಲೆಕ್ಕದ ಹುಚ್ಚು ಹತ್ತಿದ್ದು 2018ರ ಚಳಿಗಾಲದ ಒಲಿಂಪಿಕ್ಸ್‌ನ ಐಸ್ ಫಿಗರ್ ಸ್ಕೇಟಿಂಗ್ ನೋಡಿ. ಅಮೆರಿಕದ ನೇಥನ್ ಚೆನ್ ಮೊದಲ ಭಾಗವಾದ ಶಾರ್ಟ್ ಪ್ರೋಗ್ರಾಂನಲ್ಲಿ ಕೆಟ್ಟು 17ನೆಯವನಾಗಿ, ಎರಡನೆಯ, ಉದ್ದದ ಭಾಗವಾದ ಫ್ರೀ ಸ್ಕೇಟ್‌ನಲ್ಲಿ ಆರು ಕ್ವಾಡ್‌ಗಳಿಗೆ (ನಾಲ್ಕು ಸುತ್ತಿನ ಜಂಪ್) ಕೈಹಾಕಿ 215.08 ಪಡೆದ. ಆ ದಿನದ ಮಟ್ಟಿಗೆ ಅವನೇ ಮೊದಲಿಗ, ಒಟ್ಟಿನಲ್ಲಿ ಐದನೆಯವ. ಚಿನ್ನ ಜಪಾನಿನ ಯುಜುರು ಹನ್ಯುವಿಗೆ. ನನ್ನನ್ನು ಕೆಣಕಿದ್ದು ಮಾತ್ರ ಅದಕ್ಕಿಂತ ಹಳೆಯ ಪ್ರಶ್ನೆ. 2014ರ ಸೋಚಿಯಲ್ಲಿ ಇದೇ ಹನ್ಯು ಫ್ರೀ ಸ್ಕೇಟ್‌ನಲ್ಲಿ ಎರಡು ಸಲ ಬಿದ್ದೂ ಕೆನಡಾದ ಪ್ಯಾಟ್ರಿಕ್ ಚಾನ್‌ನನ್ನು ಹಿಂದಿಕ್ಕಿದ್ದ, 280.09ಕ್ಕೆ 275.62. ಬಿದ್ದವನು ಗೆಲ್ಲುವುದು ಹೇಗೆ? ನಮ್ಮ ಹುಡುಗರು ಒಮ್ಮೆ ಬಿದ್ದರೆ ಪಟ್ಟಿಯ ತಳ ಸೇರುತ್ತಾರಲ್ಲ?

ಐಸ್‌ನವರ ಅಂಕವಿವರದ ಹಾಳೆಗಳು ಎಲ್ಲರಿಗೂ ಸಿಗುತ್ತವೆ. ರೋಲರ್‌ನ ಕೋಷ್ಟಕದಲ್ಲಿ ಅಂಕಿಗಳು ಬೇರೆ, ಎಲುಬು ಅದೇ. ಹಾಗಾಗಿ ನಾನು ಐಸ್‌ನ ಕೋಷ್ಟಕವನ್ನೇ ಹಿಡಿದೆ. ಅಡಿಕೆ ಮಾರಾಟ ಬರೆಯುವ ಉದ್ದ ಪುಸ್ತಕವೊಂದನ್ನು ಭಾವನಿಂದ ಕೇಳಿ ತಂದು ಗೀಟು ಹಾಕಿದೆ.

ಟೋ ಲೂಪ್ ಎಂಬ ಜಂಪ್‌ನ ಕ್ವಾಡ್‌ಗೆ ಮೂಲಬೆಲೆ 9.5. ಪೂರ್ತಿ ಸುತ್ತಿ ಬಿದ್ದರೆ ಜಿಒಇ (ಜಂಪ್‌ನ ಗುಣಕ್ಕೆ ತೀರ್ಪುಗಾರರು ಕೊಡುವ ದರ್ಜೆ) ಮೈನಸ್ ಐದಾಗಿ ಅರ್ಧ ಬೆಲೆ ಹೋಗುತ್ತದೆ, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಡಿತ. ಉಳಿಯುವುದು 3.75. ಅದರ ಬದಲಿಗೆ ಟ್ರಿಪಲ್ ಲಟ್ಜ್ ಶುದ್ಧವಾಗಿ ಹಾರಿದರೆ 5.9. ಹಾಗಾದರೆ ಹತ್ತರಲ್ಲಿ ನಾಲ್ಕು ಸಲ ಕ್ವಾಡ್ ನಿಂತರೂ ಸಾಕು, ಅಪಾಯಕ್ಕೆ ಇಳಿದವನಿಗೇ ಲಾಭ. ಈಗ ನಮ್ಮ ಹುಡುಗನ ಅಂತಸ್ತಿಗೆ ಬನ್ನಿ. ಡಬಲ್ ಆಕ್ಸೆಲ್ 3.3. ಬಿದ್ದರೆ 1.65 ಹೋಯಿತು, ಮೇಲೆ ಒಂದು ಅಂಕ. ಕೈಯಲ್ಲಿ ಉಳಿದದ್ದು 0.65. ಕಾಲು ಸುತ್ತಿಗಿಂತ ಹೆಚ್ಚು ಬಾಕಿ ಉಳಿದು ಬಿದ್ದರೆ ಮೂಲಬೆಲೆಯೇ ಎಂಬತ್ತು ಪ್ರತಿಶತಕ್ಕೆ ಇಳಿದು 0.32. ಡಬಲ್ ಲಟ್ಜ್ ಸಾದಾ ಹಾರಿದರೆ 2.1, ಚೆನ್ನಾಗಿ ಹಾರಿ ಜಿಒಇ ಎರಡು ಸಿಕ್ಕಿದರೆ 2.5ರ ಮೇಲೆ. ಗುಣಿಸಿ ನೋಡಿದೆ. ಒಳ್ಳೆಯ ಲಟ್ಜ್ ಕೈಯಲ್ಲಿರುವ ಹುಡುಗನಿಗೆ ಆಕ್ಸೆಲ್ ಲಾಭವಾಗಬೇಕಾದರೆ ಹತ್ತರಲ್ಲಿ ಏಳು ಸಲಕ್ಕಿಂತ ತುಸು ಹೆಚ್ಚೇ ನಿಲ್ಲಬೇಕು. ನಮ್ಮವನದು ಆಗ ಹತ್ತಕ್ಕೆ ಮೂರು.

ಗುಟ್ಟೆಲ್ಲ ಆ ಒಂದು ಅಂಕದಲ್ಲಿದೆ. ಬಿದ್ದದ್ದಕ್ಕೆ ಕಡಿತವೆಂಬುದು ಹಳೆಯ ಕಾಲದ ತಲೆಗಂದಾಯದ ಹಾಗೆ, ಸಾಹುಕಾರನಿಗೂ ಕೂಲಿಯವನಿಗೂ ಒಂದೇ. ಒಂಬತ್ತೂವರೆಯ ಜಂಪ್ ಹಾರುವವನಿಗೆ ಅದು ಚಿಲ್ಲರೆ, ಮೂರರ ಜಂಪ್ ಹಾರುವವನಿಗೆ ಮನೆ ಹರಾಜು. ದೊಡ್ಡವರ ಚಾಂಪಿಯನ್‌ಷಿಪ್ ನೋಡಿ ನಮ್ಮ ಮಕ್ಕಳಿಗೆ ಧೈರ್ಯ ತುಂಬುವ ತರಬೇತುದಾರರು ಎಡವುವುದು ಇಲ್ಲೇ. ಕ್ವಾಡ್ ಹಾರುವವನ ಧೈರ್ಯಕ್ಕೆ ಲೆಕ್ಕದ ಬೆಂಬಲವಿದೆ. ಡಬಲ್ ಹಾರುವವನ ಧೈರ್ಯ ಬರಿಯ ಧೈರ್ಯ.

ಇಷ್ಟು ಕಂಡುಕೊಂಡ ಮೇಲೂ ಮೊದಲ ಜಿಲ್ಲಾ ಸ್ಪರ್ಧೆಯಲ್ಲಿ ನಾನು ಮುಗ್ಗರಿಸಿದೆ. ಅದಕ್ಕೆ ಕಾರಣ 2010ರ ವ್ಯಾಂಕೂವರ್. ಅಮೆರಿಕದ ಇವಾನ್ ಲೈಸಾಚೆಕ್ ಒಂದೂ ಕ್ವಾಡ್ ಇಲ್ಲದೆ ರಷ್ಯಾದ ಎವ್ಗೆನಿ ಪ್ಲುಶೆಂಕೊನನ್ನು 1.31 ಅಂಕದಿಂದ ಸೋಲಿಸಿದ ಕತೆ ನಿಮಗೆಲ್ಲ ಗೊತ್ತು. ಅವನು ಹೆಚ್ಚಿನ ಜಂಪ್‌ಗಳನ್ನು ದ್ವಿತೀಯಾರ್ಧಕ್ಕೆ ಸರಿಸಿ ಹತ್ತು ಪ್ರತಿಶತ ಹೆಚ್ಚುವರಿ ಗಳಿಸಿದ್ದ. ನಾನೂ ಹಾಗೆಯೇ ಮಾಡಿದೆ, ಜಂಪ್‌ಗಳನ್ನೆಲ್ಲ ಹಿಂದಕ್ಕೆ ಹಾಕಿದೆ. ಅವನ ಕಾಲದಲ್ಲಿ ದ್ವಿತೀಯಾರ್ಧದ ಎಲ್ಲ ಜಂಪ್‌ಗಳಿಗೂ ಅದು ಸಿಗುತ್ತಿತ್ತು. 2018ರ ನಂತರ ಐಸ್‌ನಲ್ಲಿ ಫ್ರೀ ಸ್ಕೇಟ್‌ನ ಕೊನೆಯ ಮೂರಕ್ಕೆ ಮಾತ್ರ. ಅದಿರಲಿ, ಹತ್ತು ಪ್ರತಿಶತ ಯಾವುದರ ಮೇಲೆ ಎಂದು ನಾನು ಯೋಚಿಸಲೇ ಇಲ್ಲ. ಕ್ವಾಡ್ ಮೇಲೆ ಅದು ಹೆಚ್ಚುಕಡಿಮೆ ಒಂದು ಅಂಕ. ಡಬಲ್ ಲಟ್ಜ್ ಮೇಲೆ 0.21. ಎರಡು ಬಿಲ್ಲೆಯ ಆಸೆಗೆ ಹುಡುಗನನ್ನು ಕೊನೆಯ ಒಂದು ನಿಮಿಷ ಓಡಿಸಿ ಓಡಿಸಿ, ಅವನು ಎರಡು ಸಲ ಬಿದ್ದ. ಏಳನೆಯ ಸ್ಥಾನ. ವಾಪಸು ಬರುವ ಬಸ್ಸಿನಲ್ಲಿ ಭಾವ ಒಂದೇ ಮಾತು ಕೇಳಿದರು: “ನಿಮ್ಮ ಪುಸ್ತಕದಲ್ಲಿ ಬಸ್ಸಿನ ಚಾರ್ಜು ಬರೆಯಲು ಜಾಗವಿದೆಯೇ, ಭಾವ?”

ಎರಡನೆಯ ಸೋಲು ಹುಡುಗನ ಕೈಯಾರೆ ಆದದ್ದು. ಕಾಂಬಿನೇಷನ್‌ನ (ಒಂದರ ಬೆನ್ನಿಗೇ ಇನ್ನೊಂದು ಹಾರುವ ಜಂಪ್‌ಗಳು) ಬಾಲ ತಪ್ಪಿತು. ಗಾಬರಿಯಲ್ಲಿ ಮುಂದಿನ ಜಂಪ್‌ಗೆ ಡಬಲ್ ಟೋ ಲೂಪ್ ಅಂಟಿಸಿದ. ಅದಾಗಲೇ ಎರಡು ಸಲ ಆಗಿತ್ತು, ಮೂರನೆಯದಕ್ಕೆ ಸೊನ್ನೆ. ಅಲ್ಲಿಂದ ಪ್ರತಿ ಪ್ರೋಗ್ರಾಂಗೂ ಮೂರು ‘ಹಾಗಾದರೆ ಹೀಗೆ’ ಬಾಯಿಪಾಠ ಮಾಡಿಸಿದೆ. ಇಲ್ಲಿ ತಪ್ಪಿದರೆ ಅಲ್ಲಿ ಯಾವುದು, ಯಾವುದನ್ನು ಮುಟ್ಟಲೇಬಾರದು ಎಂದು. ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ ಮೇಲೆಯೇ ಬೂಟು ಕಟ್ಟಬೇಕು. ಈ ಪಟ್ಟಿಯನ್ನು ಹೇಗೆ ಮಾಡಿದೆನೆಂದು ಕೆಲವರು ಕೇಳಿದ್ದಾರೆ. ಅದು ನನ್ನಲ್ಲೇ ಇರಲಿ. ಮುಂದಿನ ವರ್ಷವೂ ಅವರ ಮಕ್ಕಳ ಎದುರೇ ನಾವು ಇಳಿಯಬೇಕಲ್ಲ.

ನಿಜವಾದ ಲಾಭ ಬಂದದ್ದು ಯಾರೂ ಚಪ್ಪಾಳೆ ತಟ್ಟದ ಕಡೆಯಿಂದ, ನಿಂತಲ್ಲೇ ಸುತ್ತುವ ಸ್ಪಿನ್‌ನಿಂದ. ಪಾದ ಬದಲಿಸುವ ಕಾಂಬಿನೇಷನ್ ಸ್ಪಿನ್ ಐಸ್‌ನಲ್ಲಿ ಒಂದನೆಯ ಲೆವೆಲ್‌ಗೆ 2.0, ಮೂರನೆಯದಕ್ಕೆ 3.0. ಒಂದು ಬೀಳುವಿಕೆಯ ಬೆಲೆ ಇಲ್ಲಿ ಬೀಳದೆಯೇ ಸಿಗುತ್ತದೆ. ಅಂಗಳ ಚಿಕ್ಕದೆಂದು ಗೊಣಗುತ್ತಿದ್ದವನಿಗೆ ಆಗ ಹೊಳೆಯಿತು, ಸ್ಪಿನ್‌ಗೆ ಕಾಲು ಅಂಗಳವೇ ಧಾರಾಳ. ಅಡಿಕೆ ಹರಡಿದ ನಾಲ್ಕು ತಿಂಗಳು ಬೇರೇನೂ ಮಾಡಿಸಲಿಲ್ಲ. ಹಿಮ್ಮಡಿಯ ಚಕ್ರಗಳ ಮೇಲೆ ಸುತ್ತುವ ಹೀಲ್ ಕ್ಯಾಮೆಲ್ ಕೂರಲು ಅಂದಾಜು ಹತ್ತು ವಾರ ಬೇಕಾಯಿತು. ಸೊಂಟದ ಎಡಭಾಗ ನೀಲಿಯಾಗಿ, ಹುಡುಗನ ತಾಯಿ ನನಗೆ ಒಂದು ವಾರ ಚಹಾ ಕೊಡಲಿಲ್ಲ.

ಇನ್ನೊಂದು, ಕಾಂಪೊನೆಂಟ್ ಅಂಕ, ಅಂದರೆ ಇಡೀ ಪ್ರದರ್ಶನದ ಗುಣಕ್ಕೆ ಕೊಡುವ ಅಂಕ. ಐದು ಇದ್ದದ್ದನ್ನು 2022ರಲ್ಲಿ ಐಸ್‌ನವರು ಮೂರಕ್ಕೆ ಇಳಿಸಿದರು. ದೊಡ್ಡ ಪುರುಷರ ಫ್ರೀ ಸ್ಕೇಟ್‌ನಲ್ಲಿ ಅದನ್ನು 3.33ರಿಂದ ಗುಣಿಸುತ್ತಾರೆ. ಮೂರರಲ್ಲೂ ಕಾಲು ಕಾಲು ಅಂಕ ಏರಿದರೆ ಎರಡೂವರೆ ಬಂತು, ಡಬಲ್ ಲಟ್ಜ್‌ಗಿಂತ ಹೆಚ್ಚು. ಮಕ್ಕಳ ವಿಭಾಗದಲ್ಲಿ ಗುಣಕ ಚಿಕ್ಕದು, ಆದರೂ ಬಿಡುವಂಥದ್ದಲ್ಲ. ಬಿದ್ದವನಿಗೆ ಇಲ್ಲಿಯೂ ಪೆಟ್ಟು ಬೀಳುತ್ತದೆ ಎಂಬುದನ್ನು ನನ್ನ ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಬರೆದಿದ್ದರೆ ಆಕ್ಸೆಲ್ ಇನ್ನೂ ದುಬಾರಿಯಾಗುತ್ತಿತ್ತು.

ಈ ನಡುವೆ ಒಂದು ಹುಚ್ಚು ಪ್ರಯೋಗ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮ ಪಕ್ಕದಲ್ಲೇ ಇರುವಾಗ, ತೆಂಕುತಿಟ್ಟು ಯಕ್ಷಗಾನದ ಧೀಂಗಿಣ (ಸುತ್ತುತ್ತ ಹಾರುವ ಕುಣಿತ) ಹಾರುವವರಿಗಿಂತ ಸುತ್ತು ಬಲ್ಲವರು ಯಾರು ಎಂದುಕೊಂಡು ಪರಿಚಯದ ಪುಂಡುವೇಷಧಾರಿಯೊಬ್ಬರನ್ನು ಕರೆದೆ. ಅವರು ಅಂಗಳಕ್ಕೆ ಒಂದು ಸುತ್ತು ಧೀಂಗಿಣ ಹಾಕಿ ನಿಂತಾಗ ಉಸಿರೂ ಏರಿರಲಿಲ್ಲ. ಹುಡುಗ ಬಾಯಿಬಿಟ್ಟು ನೋಡಿದ. ಎರಡು ವಾರ ಕಲಿತ. ಕಲಿತದ್ದರಿಂದ ಲಟ್ಜ್ ಕೆಟ್ಟಿತು. ಧೀಂಗಿಣದಲ್ಲಿ ಮೈ ಓರೆಯಾಗಿ ರಂಗಸ್ಥಳದ ಸುತ್ತ ಸಾಗುತ್ತದೆ. ನಮಗೆ ಬೇಕಾದದ್ದು ನೆಟ್ಟಗೆ ನಿಂತ ಅಡಿಕೆ ಮರದಂಥ ಅಕ್ಷ. ಸರಿಪಡಿಸಲು ಮತ್ತೆ ಮೂರು ವಾರ ಹೋಯಿತು. ಆದರೆ ಅವರು ಹೋಗುವಾಗ ಉಸಿರಿನ ಬಗ್ಗೆ ಒಂದು ಮಾತು ಹೇಳಿದರು, ಯಾವ ಹೆಜ್ಜೆಯಲ್ಲಿ ಬಿಡಬೇಕು, ಯಾವುದರಲ್ಲಿ ಹಿಡಿಯಬೇಕು ಎಂದು. ಕೊನೆಯ ನಿಮಿಷದಲ್ಲಿ ಬೀಳುವುದು ನಿಂತದ್ದು ಅದರಿಂದಲೇ ಎಂದು ನನ್ನ ನಂಬಿಕೆ. ಹುಡುಗನ ತಂದೆ ಇದನ್ನು ಒಪ್ಪುವುದಿಲ್ಲ, ಹೊಸ ಚಕ್ರದ ಮಹಿಮೆ ಎನ್ನುತ್ತಾರೆ.

ಚಕ್ರದ ಮಾತು ಬಂದದ್ದಕ್ಕೆ ದುಡ್ಡಿನ ಮಾತು. ಬೂಟು ಮತ್ತು ಫ್ರೇಮ್ ಸೆಕೆಂಡ್‌ಹ್ಯಾಂಡ್, 14 ಸಾವಿರವೋ 15 ಸಾವಿರವೋ ಕೊಟ್ಟದ್ದು. ಚಕ್ರ ಎರಡು ಜೊತೆ: ಸಿಮೆಂಟಿಗೆ ಮೆತ್ತನೆಯದು, ಸ್ಪರ್ಧೆಯ ನೆಲಕ್ಕೆ ಗಟ್ಟಿ. ಒಟ್ಟು 9 ಸಾವಿರದ ಹತ್ತಿರ. ಒರಟು ಸಿಮೆಂಟು ಮೆತ್ತನೆಯ ಚಕ್ರವನ್ನು ಎಂಟು ತಿಂಗಳಲ್ಲಿ ತಿಂದು ಹಾಕಿತು. ಉಡುಪನ್ನು ಪೇಟೆಯಲ್ಲಿ 6 ಸಾವಿರ ಕೇಳಿದರು. ನಮ್ಮ ಊರಿನ ದರ್ಜಿ 1,800ಕ್ಕೆ ಹೊಲಿದರು, ತೋಳು ಮಾತ್ರ ಎರಡು ಸಲ ಬಿಚ್ಚಿಸಬೇಕಾಯಿತು. ಎರಡು ವರ್ಷದ ರೈಲು, ಊಟ, ವಸತಿ, ಪ್ರವೇಶ ಶುಲ್ಕ ಸೇರಿಸಿದರೆ ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ. ನನ್ನ ಪಿಂಚಣಿಯಿಂದ ಹೋದದ್ದನ್ನು ಮನೆಯಲ್ಲಿ ಪೂರ್ತಿ ಹೇಳಿಲ್ಲ.

ಉಳಿತಾಯವಾದದ್ದು ಒಂದೇ ಕಡೆ. ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟುತ್ತದೆ, ನಾಲ್ಕು ತಿಂಗಳು ಚಕ್ರ ಇಡುವ ಹಾಗಿಲ್ಲ. ಸಭಾಭವನಗಳ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಆದರೆ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಉಪನಯನ ಇಲ್ಲ, ಭವನ ಖಾಲಿ. ವ್ಯವಸ್ಥಾಪಕರ ಬಳಿ ಹೋಗಿ, ನೆಲ ಒರೆಸಿಕೊಡುತ್ತೇವೆ, ದೀಪ ಎರಡೇ ಸಾಕು ಎಂದೆ. ಬೆಳಗಿನ ಹೊತ್ತು ಎರಡು ತಾಸಿಗೆ 150 ರೂಪಾಯಿಯಂತೆ ಒಪ್ಪಿದರು. ಸಮತಟ್ಟಾದ ಟೈಲ್ಸ್ ನೆಲ! ಅಲ್ಲಿ ಇಡೀ ಪ್ರೋಗ್ರಾಂ ಅನ್ನು ಉದ್ದಕ್ಕೂ ಓಡಿಸಿ ನೋಡಿದೆವು. ಚಕ್ರದ ಕಪ್ಪು ಗೀರುಗಳನ್ನು ತೆಗೆಯಲು ಒಂದು ಉಪಾಯವಿದೆ, ಅದನ್ನೂ ಹೇಳುವುದಿಲ್ಲ. ಎಲ್ಲರೂ ಹೋಗಿ ಕೇಳಿದರೆ ಬಾಡಿಗೆ ಏರುತ್ತದೆ.

ರಾಜ್ಯ ಸ್ಪರ್ಧೆಯ ಹಿಂದಿನ ರಾತ್ರಿ ಹುಡುಗ ಕೇಳಿದ, “ಮಾಷ್ಟ್ರೇ, ಒಂದೇ ಒಂದು ಆಕ್ಸೆಲ್ ಹಾಕಲೇ? ಇವತ್ತು ಅಭ್ಯಾಸದಲ್ಲಿ ಎರಡು ನಿಂತಿತು.” ಎಷ್ಟರಲ್ಲಿ ಎರಡು ಎಂದು ಕೇಳಿದೆ. ಐದರಲ್ಲಿ ಎಂದ. ಪುಸ್ತಕ ತೆಗೆದು ಅವನ ಕೈಯಲ್ಲೇ ಲೆಕ್ಕ ಮಾಡಿಸಿದೆ. ಉತ್ತರ ಬರೆದು, ಏನೂ ಹೇಳದೆ ಹೊದ್ದು ಮಲಗಿದ.

ಮರುದಿನ ಅವನಿಗಿಂತ ದೊಡ್ಡ ಜಂಪ್ ಇದ್ದವರು ನಾಲ್ವರು. ಒಬ್ಬ ಎರಡೂ ಡಬಲ್ ಆಕ್ಸೆಲ್ ನಿಲ್ಲಿಸಿ ಚಿನ್ನ ಗೆದ್ದ. ನೋಡಲು ಚಂದ, ನ್ಯಾಯವಾದ ಗೆಲುವು, ಅವನ ತರಬೇತುದಾರರಿಗೆ ನಾನೇ ಹೋಗಿ ಕೈಕೊಟ್ಟೆ. ಉಳಿದ ಮೂವರಲ್ಲಿ ಇಬ್ಬರು ಬಿದ್ದರು, ಒಬ್ಬ ಅರ್ಧದಲ್ಲಿ ಬಿಚ್ಚಿ ಸಿಂಗಲ್ ಮಾಡಿದ. ನಮ್ಮವನು ಒಮ್ಮೆಯೂ ಬೀಳಲಿಲ್ಲ. ಒಂದು ಕಾಂಬಿನೇಷನ್ ತಪ್ಪಿತು, ‘ಹಾಗಾದರೆ ಹೀಗೆ’ ಎರಡನೆಯದಕ್ಕೆ ಜಾರಿಕೊಂಡ; ನೋಡುವವರಿಗೆ ತಿಳಿಯಲೂ ಇಲ್ಲ. ಮೂರನೆಯವನಿಗಿಂತ ಮುಂದಿದ್ದದ್ದು ಅರ್ಧ ಅಂಕವೋ 0.6ವೋ. ಹೀಲ್ ಕ್ಯಾಮೆಲ್ ಒಂದು ಲೆವೆಲ್ ಕಡಿಮೆಯಾಗಿದ್ದರೆ ಕಂಚು. ನನಗೆ ಬುದ್ಧಿ ಹೇಳಿದ್ದ ತರಬೇತುದಾರರು ಅಂಕಪಟ್ಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದದ್ದನ್ನು ನಾನು ನೋಡಿದೆ.

ಈಗ ಅವನ ಆಕ್ಸೆಲ್ ಹತ್ತರಲ್ಲಿ ಆರರಿಂದ ಏಳಕ್ಕೆ ಬಂದಿದೆ, ಅದೂ ಏರಿನ ಕಡೆಗೆ. ಪುಸ್ತಕ ‘ಹಾಕಬಹುದು’ ಎನ್ನುವ ಗೆರೆಯ ಹತ್ತಿರ ಬಂದಿದೆ. ಎಲ್ಲಿ ಹಾಕುತ್ತೇವೆ ಎಂಬುದು ಸ್ಪರ್ಧೆಯ ದಿನ ಗೊತ್ತಾಗಲಿ. ಬರುವ ವಾರ ಮೊದಲ ಕೊಯ್ಲಿನ ಅಡಿಕೆ ಅಂಗಳಕ್ಕೆ ಬರುತ್ತದೆಯಂತೆ, ಭಾವ ಹೇಳಿ ಕಳಿಸಿದ್ದಾರೆ. ಈ ವರ್ಷ ಅರ್ಧ ಅಂಗಳ ನಮಗೆ ಬಿಡುತ್ತಾರಂತೆ.