ಜಿಎಸ್‌ಟಿ ಫೈಲಿಂಗ್: 9ಕ್ಕೇ 2ಎ ನೋಡಿ

ಸಾಗರ, ತೀರ್ಥಹಳ್ಳಿ, ಶಿವಮೊಗ್ಗದಲ್ಲಿ ಆಫೀಸ್ ನಡೆಸುವ ಅಕೌಂಟೆಂಟ್ ಗೆಳೆಯರೇ, ತಿಂಗಳ 9ನೇ ತಾರೀಕು ಜೂನಿಯರ್ ಕೈಲಿ ಪ್ರತಿ ಕ್ಲೈಂಟ್‌ನ ಜಿಎಸ್‌ಟಿಆರ್-2ಎ, ಅಂದರೆ ಮಾರಿದವರು ಹಾಕಿದ ಬಿಲ್‌ಗಳು ಬಂದ ಹಾಗೆ ತೋರಿಸುವ ಪಟ್ಟಿ, ತೆಗೆಸಿ. ದೊಡ್ಡ ಖರೀದಿ ಬಿಲ್‌ಗಳಲ್ಲಿ ಯಾವುದು ಇನ್ನೂ ಬಂದಿಲ್ಲವೋ ಅವನ್ನು ಕ್ಲೈಂಟ್‌ಗೆ ವಾಟ್ಸಾಪ್ ಮಾಡಿಸಿ. "ಬಿಲ್ ನೋಡ್ಕೊಳ್ಳಿ" ಅಂತ ಸುಮ್ನೆ ಹಾಕಬೇಡಿ. ಮಾರಿದವರ ಹೆಸರು, ಬಿಲ್ ನಂಬರ್, ಮೊತ್ತ, ಮೂರೂ ಇರಲಿ. ಮಾರಿದವರು ತಿಂಗಳ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕಲು 11ರವರೆಗೆ ಟೈಮ್ ಇರುತ್ತದೆ. 14ಕ್ಕೆ ಬರುವ 2ಬಿಯಲ್ಲಿ (ಆ ತಿಂಗಳ ಕ್ರೆಡಿಟ್ ಪಟ್ಟಿ) ಆ ಬಿಲ್ ಇಲ್ಲದಿದ್ದರೆ ಈ ತಿಂಗಳು ಕ್ರೆಡಿಟ್, ಅಂದರೆ ಖರೀದಿಗೆ ಕಟ್ಟಿದ ತೆರಿಗೆಯ ಕಡಿತ, ಇಲ್ಲ. ನಾವು ಹತ್ತು ಸಲ ಹೇಳುವುದಕ್ಕಿಂತ, ಮಾರಿದವರಿಗೆ ದುಡ್ಡು ಕೊಡಬೇಕಾದ ನಮ್ಮ ಕ್ಲೈಂಟ್ ಅಡಿಕೆ ವ್ಯಾಪಾರಿಯೇ ಅವರಿಗೆ ಒಂದು ಫೋನ್ ಮಾಡಿದರೆ ಕೆಲಸ ಬೇಗ ಆಗುತ್ತದೆ, ಅಲ್ವಾ? ತಿಂಗಳ ತೆರಿಗೆ ರಿಟರ್ನ್‌ನ ಕೊನೆ ದಿನವಾದ 20ರ ಹೊತ್ತಿಗೆ ಎಲ್ಲರೂ ನಿಮ್ಮ ಟೇಬಲ್ ಮುಂದೆ ನಿಲ್ಲುವುದೂ ತಪ್ಪುತ್ತದೆ. ಹೊಸ ಕ್ಲೈಂಟ್ ತಗೊಳ್ಳಲು ಬೇಕಾದ ಬಿಡುವು ಇಲ್ಲೇ ಸಿಗುವುದು. ಮಳೆಗಾಲದಲ್ಲಿ ಕರೆಂಟ್, ನೆಟ್ ನಂಬುವಂತಿಲ್ಲ, ಆಗ 8ಕ್ಕೇ ಶುರು ಮಾಡಿ. ಮಾರಿದವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾಗಿದ್ದರೆ ಮಾತ್ರ ಇದು ಅಷ್ಟು ನಡೆಯುವುದಿಲ್ಲ. ಮೊದಲ ಎರಡು ತಿಂಗಳು ಅವರು 13ರೊಳಗೆ ಐಎಫ್‌ಎಫ್‌ನಲ್ಲಿ (ಪೋರ್ಟಲ್‌ನಲ್ಲಿ ಬಿಲ್ ಮಾತ್ರ ಹಾಕುವ ಸೌಲಭ್ಯ) ಬಿಲ್ ಹಾಕಬಹುದು, ಆದರೆ ಅದು ಕಡ್ಡಾಯವಲ್ಲ. ಅಂಥವರ ಪಟ್ಟಿ ಬೇರೆ ಇಟ್ಟು, ಕ್ರೆಡಿಟ್ ತಡವಾಗಬಹುದು ಅಂತ ಕ್ಲೈಂಟ್‌ಗೆ ಮೊದಲೇ ತಿಳಿಸಿ.