ನೆಟ್ ಪದೇ ಪದೇ ಹೋಗುತ್ತಿದೆಯೇ? ಮೊದಲು ಕಡಿದ ಜಾಗ ಹುಡುಕಿ

ಕಂಪ್ಯೂಟರ್‌ನಲ್ಲಿ ಇಂಟರ್ನೆಟ್ ನಿಂತ ಕೂಡಲೇ ರೂಟರ್‌ನ ಸ್ವಿಚ್ ಆರಿಸಿ ಮತ್ತೆ ಹಾಕುವುದು ಎಲ್ಲರ ರೂಢಿ. ಬಹಳ ಸಲ ಸಂಪರ್ಕ ಮರಳಿಯೂ ಬರುತ್ತದೆ. ಆದರೆ ಅದರೊಂದಿಗೆ ತೊಂದರೆಯ ಕುರುಹೂ ಅಳಿಸಿಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಅದೇ ಪಾಡು. ಮುಂದಿನ ಸಲ ನೆಟ್ ಹೋದಾಗ ಐದು ನಿಮಿಷ ಏನನ್ನೂ ಆರಿಸಬೇಡಿ. ಕಂಪ್ಯೂಟರ್‌ನಿಂದ ರೂಟರ್‌ವರೆಗಿನ ದಾರಿ, ರೂಟರ್‌ನಿಂದ ಸೇವೆ ಕೊಡುವ ಕಂಪನಿಯವರೆಗಿನ ದಾರಿ, ವೆಬ್‌ಸೈಟ್‌ನ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್: ಈ ಮೂರರಲ್ಲಿ ಕೈಕೊಟ್ಟದ್ದು ಯಾವುದು ಎಂದು ಆ ಐದು ನಿಮಿಷದಲ್ಲೇ ತಿಳಿಯಬಹುದು.

ಮೊಬೈಲ್ ಮತ್ತು ದೀಪ

ಅದೇ ವೈಫೈಗೆ ಸೇರಿಸಿದ ಮೊಬೈಲ್‌ನಲ್ಲಿ ಒಂದು ಹೊಸ ಪುಟ ತೆರೆದು ನೋಡಿ. ಅದಕ್ಕೂ ಮುಂಚೆ ಮೊಬೈಲ್ ಡೇಟಾ ಆಫ್ ಮಾಡಿ. ಇಲ್ಲದಿದ್ದರೆ ವೈಫೈಯಲ್ಲಿ ನೆಟ್ ಇಲ್ಲದಾಗ ಫೋನ್ ಸದ್ದಿಲ್ಲದೆ ಡೇಟಾಗೆ ಜಾರಿಕೊಂಡು, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಮೊಬೈಲ್‌ನಲ್ಲೂ ಇಲ್ಲವೆಂದರೆ ದೋಷ ರೂಟರ್‌ನಲ್ಲಿ ಅಥವಾ ಅದರಾಚೆ. ಮೊಬೈಲ್‌ನಲ್ಲಿ ಇದ್ದು ಕಂಪ್ಯೂಟರ್‌ನಲ್ಲಿ ಮಾತ್ರ ಇಲ್ಲವೆಂದರೆ ಕಂಪ್ಯೂಟರ್‌ನದೇ ತಕರಾರು. ಫೈಬರ್ ಸಂಪರ್ಕವಾದರೆ ಪೆಟ್ಟಿಗೆಯ ಮೇಲಿನ ‘ಎಲ್‌ಒಎಸ್’ ದೀಪವನ್ನೂ ಗಮನಿಸಿ. ಅದು ಕೆಂಪಗಿದ್ದರೆ ಬೆಳಕಿನ ಸಂಕೇತವೇ ಬರುತ್ತಿಲ್ಲ ಎಂದರ್ಥ. ಫೈಬರ್ ಎಳೆ ಬಿಗಿಯಾಗಿ ಮಡಚಿಕೊಂಡಿದೆಯೇ, ಮೇಜು ಕಪಾಟುಗಳ ಕೆಳಗೆ ಸಿಕ್ಕಿದೆಯೇ ನೋಡಿ. ಅಲ್ಲೆಲ್ಲ ಸರಿಯಿದ್ದರೆ ಕಂಪನಿಗೆ ದೂರು ಕೊಡುವುದಲ್ಲದೆ ಬೇರೆ ದಾರಿಯಿಲ್ಲ.

ಪಿಂಗ್ ಪರೀಕ್ಷೆ

ವಿಂಡೋಸ್‌ನಲ್ಲಿ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಐಪಿಕಾನ್ಫಿಗ್’ (ipconfig) ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ‘ಡಿಫಾಲ್ಟ್ ಗೇಟ್‌ವೇ’ ಎದುರು ಒಂದು ವಿಳಾಸ ಕಾಣುತ್ತದೆ. 192.168.1.1 ಅಥವಾ 192.168.0.1 ಇರುವುದು ಸಾಮಾನ್ಯ. ಅದೇ ನಿಮ್ಮ ರೂಟರ್. ಪಿಂಗ್ ಎಂದರೆ ಒಂದು ವಿಳಾಸಕ್ಕೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವುದು. ಈಗ ‘ಪಿಂಗ್’ (ping), ಒಂದು ಜಾಗ, ಆ ವಿಳಾಸ, ಮತ್ತೊಂದು ಜಾಗ, ಕೊನೆಗೆ ಅಡ್ಡಗೆರೆಗೆ ತಾಗಿಸಿ ‘ಟಿ’ ಅಕ್ಷರ (-t) ಟೈಪ್ ಮಾಡಿ ಎಂಟರ್ ಒತ್ತಿ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತುವವರೆಗೂ ಪರೀಕ್ಷೆ ನಡೆಯುತ್ತಲೇ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು 8.8.8.8 ವಿಳಾಸಕ್ಕೂ ಹೀಗೆಯೇ ಮಾಡಿ. ಇದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್. ಎರಡನ್ನೂ ಓಡಲು ಬಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ.

ನೆಟ್ ಹೋದ ಗಳಿಗೆಯಲ್ಲಿ ಎರಡೂ ಕಿಟಕಿಗಳಲ್ಲಿ ‘ಟೈಮ್ಡ್ ಔಟ್’ ಬಂದರೆ ಕಡಿದದ್ದು ಕಂಪ್ಯೂಟರ್ ಮತ್ತು ರೂಟರ್ ನಡುವೆ, ಅಥವಾ ರೂಟರೇ ಮಲಗಿದೆ. ರೂಟರ್ ಉತ್ತರಿಸುತ್ತಿದ್ದು 8.8.8.8 ಮಾತ್ರ ಸುಮ್ಮನಾದರೆ ಕಡಿತ ರೂಟರ್‌ನಿಂದಾಚೆ. ಎರಡೂ ಉತ್ತರಿಸುತ್ತಿವೆ, ಆದರೂ ಪುಟ ತೆರೆಯುತ್ತಿಲ್ಲವೆಂದರೆ ಮೊದಲ ಅನುಮಾನ ಡಿಎನ್‌ಎಸ್ ಮೇಲೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಅನ್ನು ‘ಮ್ಯಾನ್ಯುಯಲ್’ ಮಾಡಿ 8.8.8.8 ಮತ್ತು 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯ ಸಾರ್ವಜನಿಕ ಡಿಎನ್‌ಎಸ್) ಕೊಟ್ಟು ನೋಡಿ. ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಗುಟ್ಟಾಗಿ ಸಾಗಿಸುವ ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿ ಪರೀಕ್ಷಿಸಿ.

ಐಪಿಕಾನ್ಫಿಗ್‌ನಲ್ಲಿ ಕಂಪ್ಯೂಟರ್‌ನ ವಿಳಾಸ 169.254 ಎಂದು ಶುರುವಾಗಿದ್ದರೆ, ರೂಟರ್‌ನಿಂದ ವಿಳಾಸ ಸಿಗದೆ ವಿಂಡೋಸ್ ತಾನೇ ಒಂದನ್ನು ಹಾಕಿಕೊಂಡಿದೆ ಎಂದು ತಿಳಿಯಿರಿ. ಮನೆಯಲ್ಲಿ ಎರಡು ರೂಟರ್‌ಗಳಿದ್ದು, ಒಂದೇ ನೆಟ್‌ವರ್ಕ್‌ನಲ್ಲಿ ಎರಡೂ ವಿಳಾಸ ಹಂಚುತ್ತಿದ್ದರೆ ಬೇರೆ ಬಗೆಯ ಗೊಂದಲ: ಒಂದೇ ವಿಳಾಸ ಇಬ್ಬರಿಗೆ ಹೋಗಬಹುದು, ತಪ್ಪು ಗೇಟ್‌ವೇ ಸಿಗಬಹುದು. ಎರಡನೆಯ ರೂಟರ್‌ನಲ್ಲಿ ವಿಳಾಸ ಹಂಚುವ ಸೌಲಭ್ಯವಾದ ಡಿಎಚ್‌ಸಿಪಿ ಆಫ್ ಮಾಡಿ.

ಕಂಪ್ಯೂಟರ್ ಮತ್ತು ರೂಟರ್ ನಡುವೆ

ವೈಫೈ ಬಿಟ್ಟು ಒಂದು ದಿನ ಕೇಬಲ್ ಹಾಕಿ ಬಳಸಿ. ತೊಂದರೆ ಮಾಯವಾದರೆ ವೈಫೈಯದೇ ದೋಷ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗ ಪಟ್ಟಿಯಲ್ಲಿ ಒಂದರ ಮೇಲೊಂದು ಏರದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ರೂಟರ್ ಸೆಟ್ಟಿಂಗ್‌ನಲ್ಲಿ ಈ ಮೂರರಲ್ಲಿ ಕಡಿಮೆ ದಟ್ಟಣೆಯದನ್ನು ಆಯ್ದುಕೊಳ್ಳಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಅದು ಓಡುವಾಗಲೇ ನೆಟ್ ಹೋಗುತ್ತಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೆಚ್ಚು ಜನ ಗಮನಿಸದ ಇನ್ನೊಂದು ಕಾರಣ ಯುಎಸ್‌ಬಿ 3.0. ಈ ಪೋರ್ಟ್‌ಗೆ ಹಾಕಿದ ಹಾರ್ಡ್ ಡಿಸ್ಕ್ ಮತ್ತು ಅದರ ಕೇಬಲ್ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತವೆ. ಪಕ್ಕದ ಪೋರ್ಟ್‌ನಲ್ಲೇ ವೈಫೈ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ವೈಫೈ ಸಾಧನ) ಇದ್ದರೆ ಅದನ್ನು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಒಂದು ಮೀಟರ್ ಆಚೆಗಿಡಿ.

ರೂಟರ್ ಹತ್ತಿರದಲ್ಲಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಾಗುವುದೇ ಒಳಿತು. ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ ಎಂಬುದು ನೆನಪಿರಲಿ. ಅಲ್ಲೂ ಚಾನೆಲ್ 36ರಿಂದ 48ರೊಳಗೆ ಆಯ್ದುಕೊಳ್ಳಿ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹಲವು ದೇಶಗಳಲ್ಲಿ ರೇಡಾರ್‌ಗಳೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ. ರೇಡಾರ್ ಸಂಕೇತ ಸಿಕ್ಕ ಕೂಡಲೇ ರೂಟರ್ ಆ ಚಾನೆಲ್ ಬಿಟ್ಟುಕೊಡಬೇಕೆಂಬ ನಿಯಮವಿದೆ, ಆಗ ಎಲ್ಲ ಸಾಧನಗಳೂ ಒಟ್ಟಿಗೆ ಕಳಚಿಕೊಳ್ಳಬಹುದು.

ಸ್ವಲ್ಪ ಹೊತ್ತು ಕಂಪ್ಯೂಟರ್ ಮುಟ್ಟದಿದ್ದಾಗಲೇ ಸಂಪರ್ಕ ಹೋಗುತ್ತದೆಯೇ? ಹಾಗಿದ್ದರೆ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ನೋಡಿ. ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ನಿಮ್ಮ ವೈಫೈ ಕಾರ್ಡ್‌ನ ಪ್ರಾಪರ್ಟೀಸ್‌ಗೆ ಹೋಗಿ. ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಕಂಪ್ಯೂಟರ್‌ಗೆ ಅನುಮತಿ ಕೊಡುವ ಸಾಲಿನ ಟಿಕ್ ತೆಗೆಯಿರಿ. ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಪುಟವೇ ಇರುವುದಿಲ್ಲ. ಅಂಥವುಗಳಲ್ಲಿ ತಯಾರಕರ ತಾಣದಿಂದ ಹೊಸ ವೈಫೈ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಹಾಕಿಕೊಳ್ಳಿ. ತೊಂದರೆ ವಿಂಡೋಸ್ ಅಪ್‌ಡೇಟ್ ಆದಮೇಲೆ ಶುರುವಾಗಿದ್ದರೆ ಮಾತ್ರ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೆಯದಕ್ಕೆ ಮರಳಿ.

ಕೇಬಲ್ ಹಾಕಿಯೂ ಹೋಗುತ್ತಿದ್ದರೆ ಕೇಬಲ್ ಬದಲಿಸಿ, ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ. ಗಿಗಾಬಿಟ್ ವೇಗಕ್ಕೆ ಕೇಬಲ್‌ನೊಳಗಿನ ನಾಲ್ಕೂ ಜೋಡಿ ತಂತಿಗಳು ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಎರಡೂ ತುದಿಯಲ್ಲಿ ಗಿಗಾಬಿಟ್ ಪೋರ್ಟ್ ಇದ್ದೂ ಲಿಂಕ್ ವೇಗ 100ಕ್ಕೆ ಇಳಿದಿದ್ದರೆ ಒಂದು ತಂತಿ ಕಡಿದಿರುವ ಅಥವಾ ಪಿನ್ ಸಡಿಲಾಗಿರುವ ಸಾಧ್ಯತೆ ಹೆಚ್ಚು. ಲಾಕ್ ಮುರಿದ ಕನೆಕ್ಟರ್‌ಗೆ ಟೇಪ್ ಸುತ್ತಿ ದಿನ ದೂಡಬೇಡಿ.

ರೂಟರ್ ಮತ್ತು ಅದರಾಚೆ

ರೂಟರ್‌ನ ದೀಪಗಳೆಲ್ಲ ಒಮ್ಮೆಗೇ ಆರಿ ಹತ್ತುತ್ತಿದ್ದರೆ ಅದು ತಾನಾಗಿ ರೀಸ್ಟಾರ್ಟ್ ಆಗುತ್ತಿದೆ. ಬಿಸಿಯಾಗುವುದು ಒಂದು ಕಾರಣ: ಮುಚ್ಚಿದ ಕಪಾಟಿನಿಂದ ಹೊರಗಿಡಿ, ಗಾಳಿಯ ಕಿಂಡಿಗಳ ದೂಳು ತೆಗೆಯಿರಿ. ಸೋತ ಪವರ್ ಅಡಾಪ್ಟರ್ ಇನ್ನೊಂದು ಕಾರಣ. ಬದಲಿಸುವಾಗ ವೋಲ್ಟ್ ಮತ್ತು ಪಿನ್‌ನ ಧ್ರುವ ಹಳೆಯದರಂತೆಯೇ ಇರಬೇಕು. ಆಂಪಿಯರ್ ಸಮ ಅಥವಾ ಹೆಚ್ಚಿರಬಹುದು, ಕಡಿಮೆ ಇರಬಾರದು.

ವಿಂಡೋಸ್‌ನ ‘ನೆಟ್‌ವರ್ಕ್ ರೀಸೆಟ್’ ಅನ್ನು ಕಡೆಗೆ ಇಟ್ಟುಕೊಳ್ಳಿ. ಅದು ಎಲ್ಲ ನೆಟ್‌ವರ್ಕ್ ಅಡಾಪ್ಟರ್‌ಗಳನ್ನು ಕಿತ್ತು ಮತ್ತೆ ಕೂರಿಸುತ್ತದೆ. ವೈಫೈ ಪಾಸ್‌ವರ್ಡ್ ಮತ್ತೆ ಕೊಡಬೇಕಾಗುತ್ತದೆ, ವಿಪಿಎನ್ ಮತ್ತೆ ಹೊಂದಿಸಬೇಕಾಗಬಹುದು. ಅವುಗಳ ವಿವರ ಮೊದಲೇ ಬರೆದಿಟ್ಟುಕೊಳ್ಳಿ.

ಕಡಿತ ರೂಟರ್‌ನಿಂದಾಚೆ ಎಂದು ಖಚಿತವಾದರೆ ಎರಡು ಮೂರು ದಿನ ನೆಟ್ ಹೋದ ಹೊತ್ತು, ಬಂದ ಹೊತ್ತು, ಆಗ ಹೊತ್ತಿದ್ದ ದೀಪದ ಬಣ್ಣ ಬರೆದಿಡಿ. ಪಿಂಗ್ ಕಿಟಕಿಯ ಚಿತ್ರವನ್ನೂ ತೆಗೆದಿಡಿ. ದೂರು ಕೊಡುವಾಗ ‘ನೆಟ್ ಸರಿಯಿಲ್ಲ’ ಎನ್ನುವ ಬದಲು ‘ರೂಟರ್ ಉತ್ತರಿಸುತ್ತಿದೆ, ಅದರಾಚೆ ಇಷ್ಟು ಹೊತ್ತಿಗೆ ಕಡಿಯುತ್ತಿದೆ’ ಎಂದು ಹೇಳಿದರೆ ತಂತ್ರಜ್ಞರು ನಿಮ್ಮ ಕಂಪ್ಯೂಟರ್ ಬಿಟ್ಟು ನೇರವಾಗಿ ಲೈನ್ ಪರೀಕ್ಷೆಗೆ ಇಳಿಯಬಹುದು.